ಕಳುವಾದ ವಾಸನೆ

ನನ್ನ ಎರಡೂ ಮಂಡಿಗಳ ಆಣೆಗೂ ಇದು ನಡೆದದ್ದು. ಮನುಷ್ಯನ ವಾಸನೆಯನ್ನು ಜಾಡಿಯಲ್ಲಿ ಹಾಕಿ ಮುಚ್ಚಿಡುತ್ತಿದ್ದರು ಅಂದ ಕೂಡಲೇ ಜನ ನಗುತ್ತಾರೆ. ನಗಲಿ. ಲೌಟರ್‌ರೋಡಾ ಠಾಣೆಯಲ್ಲಿ ಎಫ್‌ಐಆರ್ ಆಗಿದೆ, 1992ರ ಮೇ 11, ಸೋಮವಾರ ಬೆಳಿಗ್ಗೆ.

ದೂರು ತಂದವಳು ಹಿಲ್ಟ್ರುಡ್ ಕುನ್ಸೆ. ಪೂರ್ವ ಜರ್ಮನಿ ಅನ್ನುವ ದೇಶ ಹೋಗಿ ಎರಡು ವರ್ಷವಾಗುತ್ತ ಬಂದಿತ್ತು. ಅದರ ಗುಪ್ತ ಪೊಲೀಸರ ಕಟ್ಟಡಕ್ಕೆ ಈಗ ಇವಳೇ ಕಾವಲು, ಇವಳೇ ಕಸಗುಡಿಸುವವಳು.

"ಸಾಹೇಬ್ರೆ, ನೆಲಮಾಳಿಗೆಗೆ ಕಳ್ಳ ಬಂದಿದ್ದ."

"ಬೀಗ ಒಡೆದಿದ್ದಾನಾ?" ಇನ್ಸ್‌ಪೆಕ್ಟರ್ ಲೋಥಾರ್ ಬ್ರೆಂಡೆಲ್ ಕೇಳಿದ.

"ಇಲ್ಲ."

"ಬಾಗಿಲು ತೆಗೆದಿತ್ತಾ?"

"ಮುಚ್ಚಿತ್ತು. ನಾನು ಮುಚ್ಚಿದ್ದಕ್ಕಿಂತ ಚೆನ್ನಾಗಿ ಮುಚ್ಚಿತ್ತು. ಅದಕ್ಕೇ ಓಡಿ ಬಂದೆ."

ಬ್ರೆಂಡೆಲ್ ಟೋಪಿ ಹಾಕಿಕೊಂಡ. ಕಾನ್‌ಸ್ಟೇಬಲ್ ಗ್ರಿಟ್ ಹಾಂಚ್ ಪಂಚನಾಮೆಯ ಕಾಗದ ತೆಗೆದುಕೊಂಡು ಹಿಂದೆಯೇ ಹೊರಟಳು. ಅವಳಿಗೆ ಇಪ್ಪತ್ತಾರು, ಹಳೆಯ ಪೊಲೀಸಿನಲ್ಲಿ ಒಂದು ದಿನವೂ ಕೆಲಸ ಮಾಡಿದವಳಲ್ಲ.

ಬಾಗಿಲಿಗೆ ಕುನ್ಸೆ ಅಂಟಿಸಿದ್ದ ಕಾಗದದ ಪಟ್ಟಿಯನ್ನು ಯಾರೋ ನೀಟಾಗಿ ಕತ್ತರಿಸಿದ್ದರು. ಅದರ ಜಾಗದಲ್ಲಿ ಬಾಗಿಲಿನಿಂದ ಚೌಕಟ್ಟಿಗೆ ಒಂದು ದಾರ, ದಾರದ ಮೇಲೆ ಒತ್ತಿದ ಜೇಡಿಮಣ್ಣಿನ ಉಂಡೆ, ಜೇಡಿಯ ಮೇಲೆ ಮೊಹರು. ಹಳೆಯ ಸರಕಾರದಲ್ಲಿ ಸಂಜೆ ಕಚೇರಿ ಬಿಡುವಾಗ ಪ್ರತಿಯೊಬ್ಬನೂ ಬಾಗಿಲಿಗೆ ಹೀಗೆ ತನ್ನ ಹಿತ್ತಾಳೆ ಮೊಹರು ಒತ್ತಿಯೇ ಮನೆಗೆ ಹೋಗಬೇಕಿತ್ತು. ಒಬ್ಬೊಬ್ಬನಿಗೆ ಒಂದೊಂದು ನಂಬರು. ಇಪ್ಪತ್ತು ವರ್ಷ ಒತ್ತಿದ ಕೈ ತಲೆಯನ್ನು ಕೇಳದೆ ತಾನೇ ಒತ್ತುತ್ತದೆ.

"ಕದ್ದಾದ ಮೇಲೆ ಮೊಹರು ಹಾಕಿ ಹೋಗಿದ್ದಾನಾ?" ಗ್ರಿಟ್ ಬಾಯಿಗೆ ಕೈ ಅಡ್ಡ ಹಿಡಿದಳು. "ಸರ್, ಇಂಥ ಶಿಸ್ತಿನ ಕಳ್ಳನ್ನ ನೌಕರಿಗೇ ತಗೋಬಹುದು."

ಬ್ರೆಂಡೆಲ್ ನಗಲಿಲ್ಲ. ಜೇಡಿಯ ಮೇಲಿನ ಅಂಕಿ ಅವನಿಗೆ ಕನ್ನಡಕವಿಲ್ಲದೆಯೇ ಕಂಡಿತ್ತು. ಹಳೆಯ ಸರಕಾರದಲ್ಲಿ ಹದಿನಾಲ್ಕು ವರ್ಷ ತನ್ನ ಎದುರು ಮೇಜಿನಲ್ಲಿ ಕೂತಿದ್ದ, ಪೊಲೀಸ್ ನಾಯಿ ನೋಡಿಕೊಳ್ಳುತ್ತಿದ್ದ ಎಗೋನ್ ಲೊರ್ಕೆಯ ನಂಬರು ಅದು. ಈಗಲೂ ಪ್ರತಿ ಭಾನುವಾರ ಇಬ್ಬರೂ ಕೂತು ಇಸ್ಪೀಟಾಡುತ್ತಾರೆ.

"ಅಂಕಿ ಅಸ್ಪಷ್ಟ ಅಂತ ಬರ್ಕೊ," ಅಂದ.

ಗ್ರಿಟ್ ಬಗ್ಗಿ ನೋಡಿದಳು. "ಸ್ಪಷ್ಟವಾಗೇ ಇದೆಯಲ್ಲ ಸರ್. ಆರು, ಒಂದು, ನಾಲ್ಕು. ಬರೀಲಾ?"

ಕುನ್ಸೆ ಇಬ್ಬರ ಮುಖವನ್ನೂ ಸರದಿಯಂತೆ ನೋಡಿದಳು.

"ಬರಿ," ಅಂದ ಬ್ರೆಂಡೆಲ್.

ಒಳಗೆ ಕಪಾಟಿನ ತುಂಬ ಗಾಜಿನ ಜಾಡಿಗಳು, ಒಂದೊಂದರಲ್ಲೂ ಒಂದು ಹಳದಿ ಬಟ್ಟೆ. ವಿಚಾರಣೆಗೆ ಕರೆದವನನ್ನು ಬಟ್ಟೆಯ ಮೇಲೆ ಅರ್ಧ ಗಂಟೆ ಕೂರಿಸಿ, ಎದ್ದ ಮೇಲೆ ಅದನ್ನು ಜಾಡಿಗೆ ಹಾಕಿ ಮುಚ್ಚುವುದು. ಆಮೇಲೆ ನಾಯಿಗೆ ಮೂಸಿಸುವುದು, ಅಪರಾಧದ ಜಾಗದ ವಾಸನೆಗೆ ಹೊಂದಿಕೆಯಾದರೆ ಶಿಕ್ಷೆ. ಕಪಾಟಿನಲ್ಲಿ ಈಗ ಒಂದೇ ಒಂದು ಜಾಗ ಖಾಲಿಯಿತ್ತು.

"ಅದು ಸಲ್ಲಾಖ್‌ನದು," ಅಂದಳು ಕುನ್ಸೆ. "ಗುರುವಾರ ಕೋರ್ಟಿಗೆ ಕಳಿಸ್ಬೇಕು ಅಂತ ಮೊನ್ನೆ ತಾನೇ ಒರೆಸಿಟ್ಟಿದ್ದೆ."

ಆ ಹೆಸರು ಬ್ರೆಂಡೆಲ್‌ಗೆ ಗೊತ್ತಿತ್ತು. 1983ರಲ್ಲಿ ಸಾಮೂಹಿಕ ಬೇಸಾಯದ ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ರೈಮುಂಡ್ ಸಲ್ಲಾಖ್‌ನನ್ನು ಹಳದಿ ಬಟ್ಟೆಯ ಮೇಲೆ ಕೂರಿಸಿ ಫುಟ್‌ಬಾಲ್ ಮಾತಾಡಿಸಿದವನು ಇವನೇ. ಸಾಕ್ಷಿ ಅಂತ ಇದ್ದದ್ದು ನಾಯಿಯ ಮೂಗು ಮಾತ್ರ. ಸಲ್ಲಾಖ್‌ಗೆ ಏಳು ವರ್ಷ ಜೈಲು.

ಹನ್ನೊಂದರ ಹೊತ್ತಿಗೆ ಸಲ್ಲಾಖ್ ತಾನೇ ಠಾಣೆಗೆ ಬಂದ. ಹೆಗಲು ಇಳಿಬಿದ್ದ ದೊಡ್ಡ ಮನುಷ್ಯ.

"ದೂರು ಕೊಡ್ಬೇಕು. ನನ್ನನ್ನ ಯಾರೋ ಕದ್ದಿದ್ದಾರಂತೆ."

"ಕೂತ್ಕೊಳ್ಳಿ," ಅಂದ ಬ್ರೆಂಡೆಲ್.

"ನಿಮ್ಮ ಕುರ್ಚಿ ಮೇಲಾ? ಬೇಡಪ್ಪ. ಹೋದ ಸಲ ಕೂತು ಏಳೋಕೆ ಏಳು ವರ್ಷ ಆಯ್ತು."

ಗ್ರಿಟ್ ತಲೆ ತಗ್ಗಿಸಿ ಬರೆಯುತ್ತಿದ್ದಳು.

"ಆ ಜಾಡಿಯಿಂದ ನಿಮಗೇನಾಗ್ಬೇಕು?" ಬ್ರೆಂಡೆಲ್ ಕೇಳಿದ.

"ಮುಚ್ಚಳದ ಮೇಲಿನ ಕೆಂಪು ಪಟ್ಟಿ ಹರಿದೇ ಇಲ್ಲ ಅಂತಾರೆ ನನ್ನ ವಕೀಲ್ರು. ಹರೀದೆ ಮುಚ್ಚಳ ತೆಗಿಯೋಕಾಗಲ್ಲ. ಮುಚ್ಚಳ ತೆಗೀದೆ ನಾಯಿ ಏನನ್ನ ಮೂಸ್ತು? ಜಾಡಿ ಇದ್ರೆ ಗುರುವಾರ ಶಿಕ್ಷೆ ರದ್ದು. ಇಲ್ದಿದ್ರೆ ಸಾಯೋವರೆಗೂ ನಾನು ಕೊಳ್ಳಿ ಇಟ್ಟವನೇ. ನನ್ನ ಮಗಳು ಈಗ್ಲೂ ಮದುವೆ ಕರೆಯೋಲೆಗೆ ನನ್ನ ಹೆಸರು ಹಾಕಿಸಲ್ಲ ಅಂತಾಳೆ ಸ್ವಾಮಿ."

ಬ್ರೆಂಡೆಲ್ ಕಿಟಕಿಯ ಕಡೆ ನೋಡುತ್ತ, "ಹುಡುಕ್ತೀವಿ," ಅಂದ.

ಠಾಣೆಯ ಮುಖ್ಯಸ್ಥ ಟೀಡ್ಯೆನ್ ಪಶ್ಚಿಮದ ಕಡೆಯಿಂದ ಬಂದವನು, ಪೂರ್ವದವರಿಗೆ ಕಾನೂನು ಕಲಿಸಲೆಂದೇ ಕಳಿಸಿದ್ದರು. ಮೊಹರಿನ ನಂಬರು ಯಾರದೆಂದು ಬ್ರೆಂಡೆಲ್ ಹೇಳಿದಾಗ ಅವನು ಪೆನ್ನಿನ ಮುಚ್ಚಳ ಹಾಕಿದ.

"ಶೋಧನೆಗೆ ನ್ಯಾಯಾಧೀಶರ ವಾರಂಟ್ ಬೇಕು. ಬುಧವಾರ ಸಿಗುತ್ತೆ."

"ಅಷ್ಟರಲ್ಲಿ ಅವನು ಜಾಡಿ ಒಡೆದು ಹಾಕಿದ್ರೆ?"

"ಒಡೀಬಹುದು. ನಿಮ್ಮ ಹಳೇ ಸರಕಾರದಲ್ಲಿ ಏನ್ ಮಾಡ್ತಿದ್ರಿ?"

"ಬಾಗಿಲು ಒದ್ದು ಒಳಗೆ ಹೋಗ್ತಿದ್ವಿ. ಆಮೇಲೆ ಕಾಗದ ಬರೀತಿದ್ವಿ."

"ಹಾಗೆ ಬರೆದ ಕಾಗದದಿಂದಲೇ ಸಲ್ಲಾಖ್ ಒಳಗೆ ಹೋದದ್ದು," ಅಂದ ಟೀಡ್ಯೆನ್.

ಮಂಗಳವಾರ ಸಂಜೆ ಅವನ ಕಾಲು ತಾನಾಗಿ ಎಗೋನ್‌ನ ತೋಟದ ಕಡೆ ನಡೆಯಿತು. ಊರಿನ ಹೊರಗೆ ಎಲ್ಲರದ್ದೂ ಒಂದೊಂದು ತುಂಡು ತೋಟ, ಒಂದೊಂದು ಮರದ ಗುಡಿಸಲು. ಬೇಲಿಯ ಹತ್ತಿರ ನಿಂತರೆ ಒಳಗೆ ಎಗೋನ್ ಶಿಳ್ಳೆ ಹಾಕುತ್ತ ಮೂಲಂಗಿಗೆ ನೀರು ಹಾಕುವುದು ಕೇಳುತ್ತಿತ್ತು. ಒಂದು ಮಾತು ಸಾಕಿತ್ತು. ನಾಳೆ ಬರ್ತೀವಿ ಕಣೋ ಅಂತ. ಜಾಡಿ ಮಾಯವಾಗುತ್ತಿತ್ತು, ಇಬ್ಬರ ಪಿಂಚಣಿಯೂ ಉಳಿಯುತ್ತಿತ್ತು. ಬ್ರೆಂಡೆಲ್ ಬೇಲಿಗೆ ಕೈ ಇಟ್ಟ. ಗೂಟದ ಬಿಸಿ ಅಂಗೈಗೆ ತಾಗಿತು. ಕೈ ತೆಗೆದು ಮನೆಗೆ ಬಂದ. ಹೆಂಡತಿ ಆಲೂಗಡ್ಡೆ ಸಾರು ಬಡಿಸಿದಳು, ಅವನು ಚಮಚ ಮುಟ್ಟಲಿಲ್ಲ.

ಬುಧವಾರ ಬೆಳಿಗ್ಗೆ ವಾರಂಟ್ ಬಂತು. ಹತ್ತಕ್ಕೆ ಗ್ರಿಟ್ ಮತ್ತು ಬ್ರೆಂಡೆಲ್ ತೋಟದ ಗುಡಿಸಲಿನ ಬಾಗಿಲು ತಟ್ಟಿದರು. ಎಗೋನ್ ಏಪ್ರನ್ ಕಟ್ಟಿಕೊಂಡೇ ಹೊರಗೆ ಬಂದ.

"ಲೋ ಲೋಥಾರ್, ಬುಧವಾರ ಯಾಕೋ ಬಂದೆ? ಬೂಟು ಒರೆಸ್ಕೊ. ಈ ಹುಡುಗಿ ಯಾರು, ಇಸ್ಪೀಟಿಗೆ ಮೂರನೇ ಕೈಯಾ?"

"ಶೋಧನೆ ವಾರಂಟ್," ಅಂದಳು ಗ್ರಿಟ್. "ಓದ್ಕೊಳ್ಳಿ."

ಎಗೋನ್ ಓದಿದ. ಕೆಳಗಿನ ಸಹಿಯವರೆಗೂ ನಿಧಾನವಾಗಿ ಓದಿದ. "ನಮ್ಮ ಕಾಲದಲ್ಲಿ ಯಾರೂ ಓದೋಕೆ ಕೊಡ್ತಿರ್ಲಿಲ್ಲ ಅಲ್ವೇನೋ?" ಅಂದು ಪಕ್ಕಕ್ಕೆ ಸರಿದ.

ಜಾಡಿ ಸಿಕ್ಕಿದ್ದು ಗೋಡೆಯ ಹಲಗೆಯ ಮೇಲೆ, ಸೌತೆ ಉಪ್ಪಿನಕಾಯಿ ಜಾಡಿಗಳ ನಡುವೆ. ಒಳಗೆ ಹಳದಿ ಬಟ್ಟೆ. ಕೆಂಪು ಪಟ್ಟಿ ಎಲ್ಲೂ ಹರಿದಿರಲಿಲ್ಲ. ಪಕ್ಕದ ತೋಟದ ಇಬ್ಬರನ್ನು ಕರೆದು ಗ್ರಿಟ್ ಅಲ್ಲೇ ಪಂಚನಾಮೆ ಬರೆದಳು.

"ಯಾಕೆ ಒಡೆದು ಹಾಕ್ಲಿಲ್ಲ?" ಅವಳು ಕೇಳಿದಳು.

"ಸರಕಾರಿ ಸ್ವತ್ತು ಕಣಮ್ಮ. ಒಡೆಯೋಕೆ ಕೈ ಬರ್ಲಿಲ್ಲ."

"ಕದಿಯೋಕೆ ಬಂತಾ?"

"ಅದು ಬೇರೆ. ಹಳೇ ಕೀಲಿ ನನ್ನ ಹತ್ರಾನೇ ಇತ್ತು."

"ನಾಯಿ ಮೂಸಿತ್ತಾ, ಇಲ್ವಾ?"

ಎಗೋನ್ ಮುದುಡಿ ಬೆಂಚಿನ ಮೇಲೆ ಕೂತ. ಆಸ್ತಾ ಅನ್ನುವ ಆ ನಾಯಿಗೆ ಜಿಲ್ಲೆಯಲ್ಲೇ ಮೊದಲ ಪದಕ ಬಂದಿತ್ತು. ಅದು ಬೆಟ್ಟದ ಆಚೆ ಸಾಸೇಜು ಸುಟ್ಟರೆ ಇಲ್ಲಿ ಬಾಲ ಅಲ್ಲಾಡಿಸುತ್ತಿತ್ತು ಅಂತ ಊರಿಗೆ ಊರೇ ಹೇಳುತ್ತಿತ್ತು.

"ಅವತ್ತು ಅದಕ್ಕೆ ನೆಗಡಿ," ಅಂದ. "ನಮ್ಮ ಮನೇಲಿ ಒಲೆ ಪಕ್ಕ ಮಲಗಿತ್ತು. ನಾನು ಮೂಗು ಒರೆಸ್ತಾ ಕೂತಿದ್ದೆ. ಸಂಜೆಯೊಳಗೆ ಫಲಿತಾಂಶ ಬೇಕು, ಮೇಲಿನಿಂದ ಒತ್ತಡ ಇದೆ ಅಂತ ಫೋನ್ ಬಂತು. ಹೊಂದಿಕೆ ಆಯ್ತು ಅಂತ ಹೇಳ್ಬಿಟ್ಟೆ. ಈಗ ಕೋರ್ಟಲ್ಲಿ ಏನಂತಾರೆ? ಆಸ್ತಾ ಸುಳ್ಳು ಹೇಳ್ತು, ಅದರ ಪದಕ ಸುಳ್ಳು ಅಂತಾರೆ. ಅದು ಜೀವಮಾನದಲ್ಲಿ ಒಂದ್ಸಲವೂ ಸುಳ್ಳು ಹೇಳಿದ್ದಲ್ಲ ಕಣಮ್ಮ. ಸುಳ್ಳು ಹೇಳಿದ್ದು ನಾನು."

"ಫೋನ್ ಮಾಡಿದ್ದು ಯಾರು?"

ಎಗೋನ್ ನೆಲ ನೋಡಿದ.

"ಬರ್ಕೊ ಗ್ರಿಟ್," ಅಂದ ಬ್ರೆಂಡೆಲ್. "ಫೋನ್ ಮಾಡಿದವನು ಲೋಥಾರ್ ಬ್ರೆಂಡೆಲ್."

"ಸರ್, ನಾಯಿ ಮೂಸಿಲ್ಲ ಅಂತ ನಿಮಗೆ ಗೊತ್ತಿರ್ಲಿಲ್ವಲ್ಲ?"

"ಗೊತ್ತಿತ್ತು. ಫೋನಿನಲ್ಲಿ ನಾಯಿ ಸೀನಿದ್ದು ಕೇಳಿಸಿತ್ತು. ಎರಡು ಸಲ. ಅದನ್ನೂ ಬರಿ."

ಗ್ರಿಟ್ ಅದನ್ನೂ ಬರೆದಳು. 10.50ಕ್ಕೆ ಎಗೋನ್ ಲೊರ್ಕೆಯ ಬಂಧನವಾಯಿತು. ಅವತ್ತೇ ಮಧ್ಯಾಹ್ನ ಬ್ರೆಂಡೆಲ್ ತನ್ನ ಪಿಸ್ತೂಲು, ಗುರುತಿನ ಚೀಟಿ ಎರಡನ್ನೂ ಟೀಡ್ಯೆನ್‌ನ ಮೇಜಿನ ಮೇಲಿಟ್ಟು, ಆರೋಪಿಗಳು ಕೂರುವ ಕಡೆ ಹೋಗಿ ಕೂತು ಹೇಳಿಕೆ ಕೊಟ್ಟ. ಅವನ ಮೇಲೆ ಬೇರೆ ಮೊಕದ್ದಮೆ ಆಯಿತು.

ಗುರುವಾರ ಸಲ್ಲಾಖ್‌ನ ಶಿಕ್ಷೆ ರದ್ದಾಯಿತು. ಜಾಡಿ ನಿಮಗೇ ಬೇಕಾ ಅಂತ ನ್ಯಾಯಾಧೀಶೆ ಕೇಳಿದಳು. "ನೀವೇ ಇಟ್ಕೊಳ್ಳಿ ತಾಯಿ," ಅಂದ ಸಲ್ಲಾಖ್, "ನನ್ನ ಹತ್ರ ಇನ್ನೂ ಬೇಕಾದಷ್ಟಿದೆ." ಕೋರ್ಟಿಗೆ ಕೋರ್ಟೇ ನಕ್ಕಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಅವನ ಮಗಳು ಮಾತ್ರ ಮುಖ ಮುಚ್ಚಿಕೊಂಡು ಅತ್ತಳು.

ಎಗೋನ್ ಕದ್ದದ್ದು ಪಿಂಚಣಿಗಲ್ಲ, ಜೈಲಿನ ಭಯಕ್ಕೂ ಅಲ್ಲ. ಸತ್ತ ನಾಯಿಯ ಮಾನ ಉಳಿಸಲು. ಬದುಕಿರುವ ಮನುಷ್ಯನ ಮಾನ ಅವನಿಗೆ ಒಂಬತ್ತು ವರ್ಷ ನೆನಪಾಗಿರಲೇ ಇಲ್ಲ. ಬ್ರೆಂಡೆಲ್‌ಗೆ ನೆನಪಿತ್ತು. ಆದರೂ ಸುಮ್ಮನಿದ್ದ.

ನನ್ನ ಕತೆ ಇಷ್ಟೇ. ಗೊತ್ತಿದ್ದೂ ಸುಮ್ಮನಿದ್ದ ಒಂದಾದರೂ ಸಂಗತಿ ನಿಮ್ಮಲ್ಲೂ ಇರುತ್ತದೆ. ಒಂದು ಬಿಯರ್ ತರಿಸಿ, ನಿಮ್ಮ ಖರ್ಚಿನಲ್ಲಿ, ಆಮೇಲೆ ಶುರು ಮಾಡಿ. ನನಗೇನೂ ಅವಸರವಿಲ್ಲ.