ನೀರು ತೆಗೆದ ಕಡಲು

ಎರಡು ಸಾವಿರದ ಎಂಟರ ಮಳೆಗಾಲದಲ್ಲಿ ನನಗೊಂದು ಸಣ್ಣ ಚಿಂತೆ ಹತ್ತಿಕೊಂಡಿತ್ತು. ದಿನಾ ಡೈರಿ ಬರೆಯುವವಳು ನಾನು. ಆದರೂ ಅದನ್ನು ಬರೆಯಲು ಹೇಸಿಗೆಯಾಗಿ ಪೆನ್ನಿನ ಮುಚ್ಚಳ ಹಾಕಿಬಿಡುತ್ತಿದ್ದೆ. ಚಿಂತೆ ಇಷ್ಟೇ: ಮದುವೆಯಾಗಬೇಕಾದ ಹುಡುಗ ಪಕ್ಕದಲ್ಲಿ ಕೂತರೆ ನನಗೆ ಹೊಟ್ಟೆ ತೊಳಸುತ್ತಿತ್ತು.

ನಾಚಿಕೆಗೆ ಎದೆ ಹೊಡೆದುಕೊಳ್ಳುತ್ತದೆ ಎಂದು ಕಥೆಗಳಲ್ಲಿ ಓದಿದ್ದೆ. ಇದು ಬೇರೆ. ನಾಲಿಗೆಯ ಬುಡದಲ್ಲಿ ಉಪ್ಪುನೀರು ಬಂದು ನಿಲ್ಲುತ್ತಿತ್ತು. ಕಿವಿಯ ಹಿಂದೆ ತಣ್ಣನೆಯ ಬೆವರು. ಬಿ.ಎ. ಓದಿದವಳಿಗೆ ಮದುವೆಯ ಮೊದಲೇ ಗಂಡನ ಬಗ್ಗೆ ಇಂಥ ಭಾವನೆ ಬರಬಾರದು ಎಂದು ಯಾವ ಪುಸ್ತಕವೂ ಹೇಳಿರಲಿಲ್ಲ. ಬಂದರೆ ಏನು ಮಾಡಬೇಕೆಂದೂ ಹೇಳಿರಲಿಲ್ಲ.

ಹುಡುಗನ ಹೆಸರು ಕಿಶನ. ಅಂಕೋಲೆಯ ಹತ್ತಿರ ಬೊಬ್ರುವಾಡದವನು. ನಮ್ಮ ಹಾಗೆಯೇ ಮೀನುಗಾರರ ಮನೆ. ಅವನು ಮಾತ್ರ ಕಡಲಿಗೆ ಹೋಗದೆ ಕಾರವಾರದಲ್ಲಿ ಒಬ್ಬ ಕಾಂಟ್ರಾಕ್ಟರರ ಕೈಕೆಳಗೆ ಸುಪರ್ವೈಸರ್ ಆಗಿದ್ದ. ಹೆಣ್ಣು ನೋಡಲು ನಮ್ಮ ಸದಾಶಿವಗಡದ ಮನೆಗೆ ಬಂದ ದಿನ, ಹಿರಿಯರು ಹೊಸ ಕಾಲದವರಾಗಿ ನಮ್ಮಿಬ್ಬರನ್ನು ಬಾವಿಕಟ್ಟೆಯ ಹತ್ತಿರ ಬಿಟ್ಟು ಒಳಗೆ ಹೋಗಿದ್ದರು.

ಅವನು ಬಹಳ ಹೊತ್ತು ಬಾವಿಯ ರಾಟೆ ನೋಡಿದ. ಆಮೇಲೆ, "ನಿಮಗೆ ಕಂಪ್ಯೂಟರ್ ಗೇಮ್ ಅಂದ್ರೆ ಖುಷಿನಾ?" ಎಂದು ಕೇಳಿದ.

ನಾನು ಹೌದೆಂದು ತಲೆಯಾಡಿಸಿದೆ. ಬಾವಿಯಲ್ಲಿ ಮೊಸಳೆ ಇದೆಯಾ ಎಂದು ಕೇಳಿದ್ದರೂ ಆಡಿಸುತ್ತಿದ್ದೆ. ಹೊಸಬರ ಎದುರು ನನಗೆ ಮಾತು ಏಳುವುದಿಲ್ಲ. ತಲೆಯೊಂದೇ ಏಳುತ್ತದೆ, ಬೀಳುತ್ತದೆ.

ಅವನ ಮುಖ ಹೇಗೆ ಅರಳಿತೆಂದರೆ, ಮುಂದಿನ ರವಿವಾರವೇ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದ.

ಅವರ ಆಫೀಸಿನಲ್ಲಿ ಬೇಡವಾಗಿ ಬಿಸಾಡಿದ್ದನ್ನು ಇವನು ತಂದು ಸರಿಮಾಡಿಕೊಂಡಿದ್ದನಂತೆ. ಮುಚ್ಚಳ ತೆರೆದ ಕೂಡಲೇ ನನಗೆ ಕಂಡದ್ದು ಕೀಲಿಗಳ ಸಂದಿ. ಅಲ್ಲಿ ಖಾರದ ಶೇವಿನ ಚೂರು, ಯಾರದೋ ಬೆರಳಿನ ಜಿಡ್ಡು, ಗುಂಗುರಾದ ಒಂದು ಗಿಡ್ಡ ಕೂದಲು. ಕಿಶನನ ಕೂದಲು ನೆಟ್ಟಗಿದ್ದವು. ಹಾಗಾದರೆ ಇದು ಯಾರದು, ಎಲ್ಲಿಯದು ಎಂದು ಯೋಚಿಸತೊಡಗಿದ ಮೇಲೆ ಆ ಯಂತ್ರವನ್ನು ಬೆರಳ ತುದಿಯಿಂದಲೂ ಮುಟ್ಟಲು ನನಗೆ ಮನಸ್ಸಾಗಲಿಲ್ಲ.

"ಇದು ದೊಡ್ಡ ಗೇಮು," ಎಂದ ಅವನು. "ಒಂದು ದ್ವೀಪ ಇದೆ. ಕಾಡು, ಕಡಲು, ಎಲ್ಲ ಇದೆ. ನಾವೇ ಅದ್ರೊಳಗೆ ನಡ್ದ ಹಾಂಗೆ. ಆದ್ರೆ ಚಿತ್ರ ಓಡ್ಸೂಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿತ್ತು. ಇದ್ರಲ್ಲಿ ಅದು ಇಲ್ಲ. ಮದರ್‌ಬೋರ್ಡಿಗೇ ಅಂಟಿಕೊಂಡು ಒಂದು ಸಣ್ಣದು ಇದೆ. ಅದಕ್ಕೆ ಸ್ವಂತ ಮೆಮರಿ ಇಲ್ಲ. ಕಂಪ್ಯೂಟರಿನ ಮೆಮರಿಯಲ್ಲೇ ಪಾಲು ತಕಂಡು ನಡಸ್ತದೆ."

ಜಗಲಿಯಲ್ಲಿ ಬಲೆ ಹೆಣೆಯುತ್ತಿದ್ದ ಅಪ್ಪ ತಲೆಯೆತ್ತಿದ. ಮಳೆಗಾಲದಲ್ಲಿ ಕಡಲಿಗೆ ಹೋಗಲಾಗದೆ ಮನೆಯಲ್ಲೇ ಇದ್ದು ಎಲ್ಲದಕ್ಕೂ ಕಿವಿ ಕೊಡುತ್ತಿದ್ದ.

"ಸ್ವಂತ ದೋಣಿ ಇಲ್ದವ ಪಾಲಿಗೆ ಹೋದ ಹಾಂಗೆ ಅನ್ನು," ಎಂದ.

"ಸಮಾ ಅದೇ, ಮಾವ."

"ಪಾಲಿಗೆ ಬಂದವ ಕೆಲಸ ಮಾಡೂದು ಅಷ್ಟ್ರಲ್ಲೇ ಇದೆ."

ಅಷ್ಟರಲ್ಲೇ ಇತ್ತು. ಚಿತ್ರ ಮುಂದೆ ಹೋಗುತ್ತಲೇ ಇರಲಿಲ್ಲ. ಕಿಶನ ಒಂದೊಂದಾಗಿ ತೆಗೆಯುತ್ತ ಬಂದ. ಮೊದಲು ನೆರಳು ತೆಗೆದ. ಹುಲ್ಲು ತೆಗೆದ. ಮರಗಳ ಎಲೆ ತೆಗೆದ. ಮನುಷ್ಯರ ಮುಖದ ಮೂಗು, ಹುಬ್ಬು ಎಲ್ಲ ಹೋಗಿ, ಒದ್ದೆ ಹಿಟ್ಟಿನ ಮುದ್ದೆಗೆ ಎರಡು ಕಣ್ಣು ಒತ್ತಿದ ಹಾಗೆ ಆದವು. ಆ ಮುದ್ದೆಗಳು ಬಾಯಿ ತೆರೆಯದೆ ಇಂಗ್ಲಿಷ್ ಮಾತಾಡುತ್ತಿದ್ದವು. ಇಷ್ಟು ಅಸಹ್ಯವಾದದ್ದನ್ನು ಒಬ್ಬ ಮನುಷ್ಯ ಇಷ್ಟು ಪ್ರೀತಿಯಿಂದ ನೋಡಬಲ್ಲ ಎಂದು ನನಗೆ ಗೊತ್ತಿರಲಿಲ್ಲ.

"ನೀರು ತೆಗ್ದೆ ಈಗ," ಎಂದು ಅವನು ಗೆದ್ದವನ ಹಾಗೆ ಹೇಳಿದ.

"ಎಂತಾ ತೆಗ್ದೆ?" ಅಪ್ಪ ಎದ್ದು ಬಂದು ಬಗ್ಗಿ ನೋಡಿದ.

ದ್ವೀಪದ ಸುತ್ತ ಕಡಲಿರಬೇಕಾದಲ್ಲಿ ಸಿಮೆಂಟ್ ಬಳಿದ ಹಾಗೆ ಬೂದು ಬಣ್ಣ ಹಬ್ಬಿತ್ತು. ಅದರ ಮೇಲೊಂದು ದೋಣಿ ನಿಂತಿತ್ತು.

"ನೀರಿಲ್ದೆ ದೋಣಿ ಹ್ಯಾಂಗೆ ನಿಂತದೆ? ಅಡಿಗೆ ಕಲ್ಲು ಕೊಟ್ಟಿದ್ಯೇನು?"

ಒಳಗಿನಿಂದ ಅಮ್ಮ, ನಮ್ಮ ಆಯಿ, "ಗಂಡಸ್ರು ಇಬ್ರು ಕೂತು ಕಡಲು ಬತ್ತಸಿದ್ರಾ? ಇನ್ನು ಮೀನಿಗೆ ಎಲ್ಲಿ ಹೋಗೂದು?" ಎಂದಳು. ಅಪ್ಪ ನಕ್ಕ. ಕಿಶನ ಕೆಂಪಾದ. ನಾನು ಗೋಡೆ ನೋಡಿದೆ.

ಯಂತ್ರ ಒಲೆಯ ಹಾಗೆ ಕಾಯುತ್ತಿತ್ತು. ಅಡಿಯಲ್ಲಿ ಗಾಳಿಯಾಡಲಿ ಎಂದು ಅವನು ಆಯಿಯ ಹತ್ತಿರ ನಾಲ್ಕು ಬಳಚಿನ ಚಿಪ್ಪು ಕೇಳಿ ತಂದು ನಾಲ್ಕು ಮೂಲೆಗೆ ಇಟ್ಟ. ಹಿಂದಿನ ದಿನ ಸಾರು ಮಾಡಿದ ಕಪ್ಪೆಚಿಪ್ಪು. ಬಿಸಿ ತಾಗಿದ್ದೇ ಅದರೊಳಗಿಂದ ಹಳಸಿದ ಮಸಾಲೆಯ ವಾಸನೆ, ಕಾದ ಪ್ಲಾಸ್ಟಿಕ್ಕಿನ ವಾಸನೆಯ ಜೊತೆ ಸೇರಿ, ನನ್ನ ಮೂಗಿನ ನೇರಕ್ಕೆ ಎದ್ದಿತು.

"ನೋಡಿ, ಈಗ ಓಡ್ತದೆ," ಎಂದ.

ಓಡಲಿಲ್ಲ. ಕುಂಟಿತು. ಅವನು ಬಲಕ್ಕೆ ತಿರುಗಿದರೆ ಚಿತ್ರ ಒಂದು ಗಳಿಗೆ ಯೋಚಿಸಿ, ಆಮೇಲೆ ಒಮ್ಮೆಗೇ ಜಿಗಿಯುತ್ತಿತ್ತು. ನಡೆದರೆ ಇಡೀ ದ್ವೀಪ ಮೇಲೆ ಕೆಳಗೆ ತೂಗುತ್ತಿತ್ತು. ನಡುನಡುವೆ ತೂಗುವುದನ್ನೇ ಮರೆತು ನಿಲ್ಲುತ್ತಿತ್ತು. ನನ್ನ ಹೊಟ್ಟೆಯೂ ಅದರ ಜೊತೆ ಹೋಗಿ, ಅದು ನಿಂತ ಮೇಲೂ ನಿಲ್ಲದೆ ಮುಂದೆ ಹೋಗುತ್ತಿತ್ತು.

ಪರದೆ ನೋಡಲಾಗದೆ ನಾನು ಅವನ ಮುಖ ನೋಡುತ್ತಿದ್ದೆ. ಚಿತ್ರ ಸಿಕ್ಕಿಕೊಂಡಾಗ ಅವನು ಕೆಳತುಟಿ ಕಚ್ಚಿ ಉಸಿರು ಹಿಡಿಯುತ್ತಿದ್ದ. ಬಿಟ್ಟುಕೊಂಡಾಗ ಹುಬ್ಬು ಮೊದಲು ಏಳುತ್ತಿತ್ತು, ಆಮೇಲೆ ನಗು. ರೆಪ್ಪೆಗಳು ಹುಡುಗಿಯರದಕ್ಕಿಂತ ಉದ್ದ. ಪರದೆಯ ಬೆಳಕು ಅವುಗಳ ತುದಿಗೆ ತಾಗಿ ಮಿನುಗುತ್ತಿತ್ತು. ಆ ಹೊತ್ತಿಗೆ ತೊಳಸು ತುಸು ಇಳಿಯುತ್ತಿತ್ತು. ನಾನು ಅದನ್ನು ಗಮನಕ್ಕೆ ತಂದುಕೊಳ್ಳಲಿಲ್ಲ.

"ಎಂತಾ ನೋಡ್ತ್ರಿ?" ಅವನು ಪರದೆಯಿಂದ ಕಣ್ಣು ತೆಗೆಯದೆಯೇ ಕೇಳಿದ.

"ಏನಿಲ್ಲ."

"ಗೇಮು ಈ ಬದಿಗಿದೆ."

"ಹೂಂ."

"ನಿಮಗೆ ಸಮಾ ಕಾಣೂದಿಲ್ಲ ಅಲಾ? ತಡೀರಿ." ಪಾಪ, ಅವನು ಲ್ಯಾಪ್‌ಟಾಪನ್ನು ಪೂರ್ತಿ ನನ್ನ ಕಡೆಗೇ ತಿರುಗಿಸಿದ.

ನಾನು ಎದ್ದು ಹಿತ್ತಲಿಗೆ ಓಡಿ, ತೆಂಗಿನ ಬುಡದಲ್ಲಿ ಬೆಳಗಿನದೆಲ್ಲ ಕಾರಿಕೊಂಡೆ.

ಹೀಗೇ ರವಿವಾರಗಳು ಕಳೆದವು. ಅವನು ಪ್ರತಿ ಸಲವೂ ಯಾವುದೋ ಹೊಸ ಡ್ರೈವರ್ ಸಾಫ್ಟ್‌ವೇರು, ಯಾವುದೋ ಫೈಲಿನಲ್ಲಿ ತಿದ್ದಿದ ಯಾವುದೋ ಸಾಲು ಎಂದು ಆಸೆಯಿಂದ ಬರುತ್ತಿದ್ದ. ಚಿತ್ರ ಇನ್ನಷ್ಟು ಸಣ್ಣದಾಗಿ, ಇನ್ನಷ್ಟು ಕೊಳಕಾಗಿ, ಅಷ್ಟೇ ಕುಂಟುತ್ತಿತ್ತು. ನಾನು ತಲೆಯಾಡಿಸಿ ಕೂತು, ಹಿತ್ತಲಿಗೆ ಓಡುತ್ತಿದ್ದೆ.

ಆಟದಿಂದಲೇ ಹೀಗಾಗುತ್ತಿದೆಯೇನೋ ಎಂದು ಒಮ್ಮೆ ಹೊಳೆದಿತ್ತು. ಹೊಳೆದದ್ದೇ ತಳ್ಳಿದೆ. ನಾನು ಬೊಮ್ಮಯ್ಯನ ಮಗಳು. ಕಾಳಿ ನದಿ ಕಡಲು ಸೇರುವಲ್ಲಿ ತೆರೆ ದೋಣಿಯನ್ನು ಎತ್ತಿ ಎತ್ತಿ ಕುಕ್ಕುವಾಗ ಅಪ್ಪನ ಕಾಲ ಬಳಿ ಕೂತು ಅವಲಕ್ಕಿ ತಿಂದವಳು. ನಮ್ಮ ಮನೆಯಲ್ಲಿ ತೂಗಾಟಕ್ಕೆ ಯಾರ ಹೊಟ್ಟೆಯೂ ಕೆಟ್ಟದ್ದಿಲ್ಲ. ದೋಣಿಯಲ್ಲಿ ಒಮ್ಮೆ ವಾಂತಿ ಮಾಡಿದ ಬೀರು ಎಂಬವನನ್ನು ಅಪ್ಪ ಇಂದಿಗೂ ಆಡಿಕೊಂಡು ನಗುತ್ತಾನೆ. ಆ ಬೀರುವಿಗೆ ಈಗ ಮೊಮ್ಮಕ್ಕಳಿದ್ದಾರೆ. ಅಂಥ ಮನೆಯವಳಿಗೆ ನೀರೇ ಇಲ್ಲದ ಕಡಲು ನೋಡಿ ವಾಂತಿಯೇ? ಆಗಲಾರದು. ಹಾಗಾದರೆ ಉಳಿದದ್ದು ಪಕ್ಕದಲ್ಲಿ ಕೂತ ಹುಡುಗನೊಬ್ಬನೇ.

ಹಾಗೆಂದು ತೀರ್ಮಾನಿಸಿದ ಮೇಲೆ ಅವನಲ್ಲಿ ಅಸಹ್ಯಗಳು ತಾವಾಗಿ ಸಿಗತೊಡಗಿದವು. ಚಹಾ ಕುಡಿಯುವಾಗ ಸುರ್ರೆನ್ನುತ್ತಾನೆ. ಬಜ್ಜಿಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸುತ್ತಾನೆ. ಉಗುರು ಕಚ್ಚುತ್ತಾನೆ, ಕಚ್ಚಿದ್ದನ್ನು ಎಲ್ಲಿ ಹಾಕುತ್ತಾನೆ ಎಂದು ನಾನು ಕಾದು ನೋಡಿದೆ, ಎಲ್ಲಿಯೂ ಹಾಕಲಿಲ್ಲ. ಇಂಥವನ ಜೊತೆ ಒಂದೇ ಚಾದರದಲ್ಲಿ ಮಲಗಬೇಕೇ ಎಂದುಕೊಂಡಾಗ ಮೈ ಹಿಡಿಯಾಗುತ್ತಿತ್ತು. ವಿಚಿತ್ರವೆಂದರೆ, ವಾರದ ನಡುವೆ ಆ ರೆಪ್ಪೆಗಳು ನೆನಪಾಗಿ ಪಾತ್ರೆ ತೊಳೆಯುವ ಕೈ ನಿಲ್ಲುತ್ತಿತ್ತು. ಅದಕ್ಕಾಗಿ ನನ್ನ ಮೇಲೆಯೇ ಹೇಸಿಗೆಪಟ್ಟುಕೊಳ್ಳುತ್ತಿದ್ದೆ.

ಬೇಲಿಯಾಚೆಯ ಮಂಜಿ ಇದನ್ನೆಲ್ಲ ತನ್ನದೇ ರೀತಿಯಲ್ಲಿ ಹೊಂದಿಸಿಕೊಂಡಿದ್ದಳು.

"ಹೀರಾ," ಎಂದು ಆಯಿಯನ್ನು ಕೂಗಿ ಕೇಳಿದಳಂತೆ, "ನಿನ್ನ ಮಗಳು ಆ ಹುಡ್ಗ ಬಂದಾಗೆಲ್ಲ ತೆಂಗಿನ ಬುಡಕ್ಕೆ ಕಾರ್ತಾಳಲೇ. ಎಂತಾ ಸಂಗತಿ? ಲಗ್ನದ ಊಟ, ತೊಟ್ಟಿಲ ಊಟ ಒಂದೇ ದಿನ ಹಾಕ್ತ್ರಾ?"

ಆಯಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು.

"ತಂಗಿ, ಅಂವ ನಿನ್ನ ಮುಟ್ಟಿದ್ನಾ?"

"ಥೂ, ಆಯಿ."

"ಥೂ ಅಂದ್ರೆ ಹೌದಾ, ಇಲ್ಲಾ?"

"ಇಲ್ಲ."

"ಮತ್ತೆ ಎಂತಕೆ ಕಾರ್ತೆ?"

ಅವನನ್ನು ಕಂಡರೆ ಹೇಸಿಗೆ ಎಂದರೆ ಸಂಬಂಧ ಮುರಿಯುತ್ತದೆ. ಆ ಮಾತು ಬಾಯಿಗೆ ಬರಲಿಲ್ಲ. ಬರಲಿಲ್ಲವೆಂದು ಒಳಗೊಳಗೇ ಹಾಯೆನಿಸಿತು. ತಲೆಯಾಡಿಸಿ ಮುಗಿಸುವ ಪ್ರಶ್ನೆ ಅದಾಗಿರಲಿಲ್ಲ, ಹಾಗಾಗಿ ಸುಮ್ಮನೆ ನಿಂತೆ. ಆಯಿ ಆ ಸುಮ್ಮನಿರುವಿಕೆಯನ್ನು ತನಗೆ ಹೆದರಿಕೆಯಾಗುವ ಹಾಗೆಯೇ ಅರ್ಥಮಾಡಿಕೊಂಡಳು. ಆ ಸಂಜೆಯೇ ಅಪ್ಪ ಬೊಬ್ರುವಾಡಕ್ಕೆ ಫೋನು ಮಾಡಿ, ಬೇಗ ದಿನ ಗೊತ್ತುಮಾಡಲು ಬನ್ನಿ ಎಂದ.

ಮುಂದಿನ ರವಿವಾರ ಕಿಶನ ತನ್ನ ಸೋದರಮಾವ ರಾಮಾನ ಜೊತೆ ಬಂದ. ಲ್ಯಾಪ್‌ಟಾಪ್ ತಂದಿರಲಿಲ್ಲ. ಹಿರಿಯರು ಜಗಲಿಯಲ್ಲಿ ಕೂತರು. ಕಾಲು ತೊಳೆಯುವ ನೆಪದಲ್ಲಿ ಅವನು ಬಾವಿಕಟ್ಟೆಗೆ ಬಂದ. ನಾನು ಅಲ್ಲಿ ನೀರು ಸೇದುತ್ತಿದ್ದೆ.

"ನಿಮ್ಮ ಮನಿ ಸುದ್ದಿ ನಮ್ಮ ಊರಿಗೂ ಬಂತು," ಎಂದ ತಗ್ಗಿದ ದನಿಯಲ್ಲಿ.

ನನಗೆ ಕೊಡಪಾನದೊಳಗೆ ಇಳಿದುಬಿಡಬೇಕೆನಿಸಿತು.

"ನಂಗೆ ಅದ್ರ ಬಗ್ಗೆ ಕೇಳೂದು ಏನೂ ಇಲ್ಲ. ನಾ ಬಂದಾಗ ಮಾತ್ರ ನಿಮಗೆ ಹಾಂಗೆ ಆಗ್ತದೆ. ಉಳದ ದಿನ ಆಗೂದಿಲ್ಲ. ಅಂದ್ರೆ ಕಾರಣ ನಾನೇ. ಅಲಾ?"

ತುಂಬಿದ ಕೊಡಪಾನವನ್ನೇ ನಾನು ಮತ್ತೆ ಬಾವಿಗೆ ಇಳಿಸಿದೆ.

"ನಂಗೆ ಮೊದ್ಲೇ ತಿಳೀಬೇಕಿತ್ತು. ನಿಮಗೆ ಗೇಮ್ ಖುಷಿ ಅಂತ ತಿಳ್ದು, ಅದು ಓಡ್ಲಿ, ಓಡ್ಲಿ ಅಂತ ಅದ್ರಲ್ಲೇ ಬಿದ್ದೆ. ನಿಮ್ಮ ಮುಖ ನೋಡ್ಲೇ ಇಲ್ಲ." ಅವನು ಕಾಲಿಗೆ ನೀರು ಸುರಿದುಕೊಂಡ. "ನೀವು ಬೇಡ ಅಂದ್ರೆ ಊರವ್ರು ತಪ್ಪು ನಿಮ್ಮ ಮೇಲೆ ಹಾಕ್ತ್ರು. ನಾನೇ ಬೇಡ ಅಂದ್ಬಿಡ್ತೆ. ನಂಗೆ ಗೋವಾದಲ್ಲಿ ಬೇರೆ ಹುಡುಗಿ ಇದೆ, ತಪ್ಪು ನಂದೇ ಅಂತ ಹೇಳ್ತೆ. ಹೇಳ್ಲಾ?"

ಅವನು ನನ್ನಿಂದ ಒಂದು ಮೊಳ ದೂರದಲ್ಲಿದ್ದ. ಬಸ್ಸಿನ ಡೀಸೆಲ್ಲು, ಬೆವರು, ಯಾರದೋ ಬುಟ್ಟಿಯ ಒಣಮೀನು, ತಲೆಗೆ ಹಚ್ಚಿದ ಎಣ್ಣೆ, ಎಲ್ಲ ವಾಸನೆಯೂ ಅವನ ಮೈಯಿಂದ ಬರುತ್ತಿತ್ತು. ಅಂಗಿಯ ಮೇಲೆ ಚಹಾದ ಕಲೆ. ಹೆಬ್ಬೆರಳಿನ ಉಗುರು ಕಚ್ಚಿ ಕಚ್ಚಿ ಹಸಿಯಾಗಿತ್ತು. ನಾನು ಹೊಟ್ಟೆ ತೊಳಸಲೆಂದು ಕಾದೆ. ನಾಲಿಗೆ ಒಣಗಿಯೇ ಇತ್ತು. ಹೊಟ್ಟೆ ಇಳಿತದ ಹೊತ್ತಿನ ಹೊಳೆಯ ಹಾಗೆ ಸುಮ್ಮನಿತ್ತು. ಇವನು ಹೋದರೆ ಆ ರೆಪ್ಪೆಗಳನ್ನು ಇನ್ನು ಯಾವ ರವಿವಾರವೂ ನೋಡಲಾರೆ ಎಂಬುದೊಂದೇ ಆಗ ಹೊಳೆದದ್ದು.

"ಹೇಳ್ಲಾ?" ಅವನು ಮತ್ತೆ ಕೇಳಿದ.

ತಲೆ ಎದ್ದಿತು, ಬಿದ್ದಿತು.

ಅವನು ಒದ್ದೆ ಕಾಲಲ್ಲೇ ಜಗಲಿಗೆ ಹೋದ. ಕೂದಲು, ಚಿಪ್ಪು, ಹಿಟ್ಟಿನ ಮುಖಗಳು, ಇದುವರೆಗೆ ನಾನು ಹೇಸಿದ ಯಾವುದೂ ನನ್ನ ಈ ತಲೆಯಷ್ಟು ಹೇಸಿಗೆ ಹುಟ್ಟಿಸಿರಲಿಲ್ಲ. ಬಾಗಿಲ ಹಿಂದೆ ಬಂದು ನಿಂತೆ.

"ನಂಗೆ ಈ ಲಗ್ನ ಬೇಡ, ಮಾವ," ಎಂದು ರಾಮಾನಿಗೆ ಹೇಳುತ್ತಿದ್ದ. "ಗೋವಾದಲ್ಲಿ ಒಬ್ಳು ಹುಡುಗಿ ಇದೆ."

ರಾಮಾ ವೀಳ್ಯದೆಲೆ ಕೆಳಗಿಟ್ಟ. "ಎಂತಾ ಮಾತಾಡ್ತೆ, ತಮಾ? ಯಾವ ಹುಡುಗಿ?"

"ಇದೆ."

"ಹೆಸರೆಂತಾ?" ಎಂದ ಅಪ್ಪ. ದನಿ ಬಹಳ ತಣ್ಣಗಿತ್ತು. ಆಯಿ ಕಂಬ ಹಿಡಿದುಕೊಂಡಿದ್ದಳು.

ಕಿಶನ ಜಗಲಿಯ ಮಾಡು ನೋಡಿದ, ಅಂಗಳ ನೋಡಿದ. ಹೆಸರು ಸಿಗಲಿಲ್ಲ. "ಹೆಸರು... ಅವ್ರು ಅಲ್ಲಿಯವ್ರು," ಎಂದ.

"ನನ್ನ ಮಗಳ ಹೆಸರು ಹಾಳಾದ ಮೇಲೆ ಹೇಳ್ತ್ಯಲ್ಲೋ ಇದನ್ನ," ಎಂದು ಅಪ್ಪ ಎದ್ದ. ಬೇಲಿಯಾಚೆ ಮಂಜಿಯ ಪಾತ್ರೆ ತಿಕ್ಕುವ ಸದ್ದು ನಿಂತಿತು. ಕಿಶನ ತಲೆ ತಗ್ಗಿಸಿ, ಹೊಡೆದರೆ ಹೊಡೆಯಲಿ ಎನ್ನುವ ಹಾಗೆ ಕೂತೇ ಇದ್ದ.

ನಾನು ಹೊಸ್ತಿಲು ದಾಟಿದೆ. ಬೇಲಿಯಾಚೆಯ ಮಂಜಿಯದೂ ಸೇರಿ ಐದು ಜೋಡಿ ಕಣ್ಣು ನನ್ನ ಮೇಲೆ ಬಿದ್ದವು. ತಲೆ ಮತ್ತೆ ಆಡಲು ನೋಡಿತು, ಕುತ್ತಿಗೆ ಬಿಗಿಹಿಡಿದೆ.

"ಅಪ್ಪಾ," ಎಂದೆ. ನನ್ನ ದನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಆ ನೀರಿಲ್ಲದ ಕಡಲು ತೂಗಿದ್ರೆ ನಂಗೆ ವಾಂತಿ ಬರ್ತದೆ. ಇವ್ರನ್ನ ನೋಡಿ ಅಲ್ಲ."