ಸಂಜೆಗಂಟೆಯ ನಾಲಿಗೆ

"ಬೇರೆ ಏನಾದ್ರೂ ಮಾಡ್ಕೊಳಿ ಸಾರ್, ಆ ಗಂಟೆ ತಂಟೆಗೆ ಮಾತ್ರ ಹೋಗ್‌ಬ್ಯಾಡಿ" ಎಂದ ಪಬ್ಬಿನ ಯಜಮಾನ ಕ್ಲೆಮ್, ಗ್ಲಾಸು ಒರೆಸುತ್ತ.

ಕ್ರಿಸ್ಪಿನ್ ನಕ್ಕ. ಅವನು ಕೋಲ್ಡ್‌ವಿಕ್ಕಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಊರಿನ ಅರ್ಧ ಸದ್ದು ಅಡಗಿಸಿದ್ದ. ಹೆಂಡತಿ ಬಿಟ್ಟುಹೋದ ಮೇಲೆ ಲಂಡನ್ನಿನ ಫ್ಲ್ಯಾಟು ಮಾರಿ, ಮಗಳು ಬ್ರಯೊನಿಯನ್ನು ಕರೆದುಕೊಂಡು ಬಂದು, ಚರ್ಚಿನ ಗೋಡೆಗೆ ಅಂಟಿಕೊಂಡ ಕಲ್ಲಿನ ಮನೆ ಕೊಂಡಿದ್ದು ಶಾಂತಿಗಾಗಿ. ಮಾರಾಟದ ಫೋಟೋಗಳಲ್ಲಿ ಶಾಂತಿ ಧಾರಾಳವಾಗಿತ್ತು. ಗುಲಾಬಿ ಬಳ್ಳಿ, ಹಸಿರು ಬೆಟ್ಟ, ದೂರದಲ್ಲಿ ಕುರಿ. ಫೋಟೋದ ಕುರಿ ಅರಚುವುದಿಲ್ಲ. ಫೋಟೋದ ಹೊಲಕ್ಕೆ ಹೊಡೆದ ಸಗಣಿನೀರು ನಾರುವುದಿಲ್ಲ. ಇದೆಲ್ಲ ತನಗೇ ಎಂದು ಮಾಡಿದ ಮೋಸವೆಂದು ಅವನು ತಿಳಿದ. ಸಿಟ್ಟು ಮಾಡಿಕೊಳ್ಳುವುದರಲ್ಲಿ ಅವನಿಗೊಂದು ಶಿಸ್ತಿತ್ತು. ಮೊದಲು ಮುದುಕಿ ಹೆಸ್ಟರ್ ಪ್ರೋಬರ್ಟಳ ಹುಂಜ. ಕೌನ್ಸಿಲ್ಲಿಗೆ ದೂರು ಕೊಟ್ಟು ಅದನ್ನು ಊರು ಬಿಡಿಸಿದ. ಆಮೇಲೆ ಬೆಳಗಿನ ಟ್ರ್ಯಾಕ್ಟರ್ ಸುತ್ತುಬಳಸಿ ಹೋಗುವಂತಾಯಿತು. ಈಗ ಉಳಿದದ್ದು ಚರ್ಚಿನ ಗಂಟೆ. ಚಳಿಗಾಲ ಪೂರ್ತಿ, ಪ್ರತಿ ಮುಸ್ಸಂಜೆ, ಅವನ ನೆತ್ತಿಯ ಮೇಲೇ ಬಾರಿಸಿದಂತೆ ಕೇಳುವ ಗಂಟೆ. ಬಾರಿಸುವವಳೂ ಅದೇ ಹೆಸ್ಟರ್.

"ಅದು ಸುಮ್ನೆ ಹೊಡೆಯೋದಲ್ಲ" ಎಂದ ಕ್ಲೆಮ್. "ಬೆಟ್ಟದ ಮ್ಯಾಲೆ ಮಂಜು ಕೂತ್ರೆ ತಮ್ಮ ಕೈಯೇ ತಮಗೆ ಕಾಣಲ್ಲ. ಆ ಸದ್ದು ಹಿಡ್ಕೊಂಡೇ ಕೆಳಗಿಳೀಬೇಕು. ಹೆಸ್ಟರಮ್ಮನ ಮಗ ವಾಪಸ್ ಬರಲಿಲ್ಲವಲ್ಲ, ಆವತ್ತು ಸಂಜೆ ಹಗ್ಗ ಹರಿದಿತ್ತು. ಆಮ್ಯಾಲೆ ಅವಳು ಒಂದಿನ ತಪ್ಪಿಸಿಲ್ಲ."

"ಈಗ ಎಲ್ಲರ ಜೇಬಲ್ಲೂ ಫೋನಿದೆಯಲ್ಲ."

"ಬೆಟ್ಟದ ಮ್ಯಾಲೆ ಸಿಗ್ನಲ್ ಇಲ್ಲ ಸಾರ್."

"ಸರಿ, ಅದಕ್ಕೂ ಒಂದು ದೂರು ಹಾಕೋಣ."

ಕ್ಲೆಮ್ ದನಿ ತಗ್ಗಿಸಿದ. "ಅವಳ ಅಜ್ಜಿ ಒಬ್ಬನ ನಾಲಿಗೆ ಕಟ್ಟಿಹಾಕಿದ್ಳಂತೆ. ಮುಳ್ಳು ಚುಚ್ಚಿ. ಆ ವಿದ್ಯೆ ಅವರ ಮನೇಲಿ ಇನ್ನೂ ಸತ್ತಿಲ್ಲ."

"ಓ, ಮಾಟಗಾತಿ. ಹಾರೋ ಪೊರಕೆ ಎಲ್ಲಿ ಬೇಕಾದ್ರೂ ನಿಲ್ಲಿಸ್ಲಿ, ನನ್ನ ಗೇಟಿನ ಮುಂದೆ ಮಾತ್ರ ಬೇಡ ಅನ್ನು."

ಗಂಟೆ ನಿಲ್ಲಿಸಬೇಕೆಂದು ಕೌನ್ಸಿಲ್ಲಿನ ಆದೇಶ ಬಂತು. ಕೊನೆಯ ಸಂಜೆಯನ್ನು ಕಣ್ಣಾರೆ ನೋಡಬೇಕೆಂದು ಕ್ರಿಸ್ಪಿನ್ ಕೊರಳಿಗೆ ಉಣ್ಣೆಯ ಮಫ್ಲರ್ ಸುತ್ತಿಕೊಂಡು ಚರ್ಚಿನ ಅಂಗಳಕ್ಕೆ ಹೋದ. ಗೋಪುರದ ಬಾಗಿಲಲ್ಲಿ ಹೆಸ್ಟರ್ ನಿಂತಿದ್ದಳು. ಗಂಡಸರ ಕೋಟು, ಕೆಸರು ಮೆತ್ತಿದ ಬೂಟು, ಕೈಯಲ್ಲೊಂದು ಚರ್ಮದ ಪಟ್ಟಿ. ಊರಲ್ಲಿ ಸಾವಾದರೆ ಗಂಟೆಯ ನಾಲಿಗೆಗೆ ಆ ಚರ್ಮ ಸುತ್ತಿ ಬಾರಿಸುತ್ತಾರೆ. ಸದ್ದು ದಿಂಬಿನೊಳಗಿಂದ ಬಂದ ಹಾಗೆ ಬರುತ್ತದೆ.

"ಯಾರು ಸತ್ತರು?" ಎಂದು ಕೇಳಿದ.

"ನಮ್ಮೂರು" ಎಂದಳು. "ನನ್ನ ಮೊಮ್ಮಗಳು ಹುಟ್ಟಿದ್ದು ನೀನು ಮಲಗೋ ಕೋಣೇಲಿ. ಈಗ ಗಂಡನ್ನ ಕಟ್ಕೊಂಡು ಹೊಲದಾಗೆ ಕ್ಯಾರವಾನಿನಲ್ಲಿ ನಡುಗ್ತಾಳೆ. ಬೀದೀಲಿ ದೀಪ ಇಲ್ಲ. ಮನೆ ಕೊಂಡೋರು ಬೇಸಿಗೇಲಿ ಮಾತ್ರ ಬರ್ತಾರಂತೆ. ಶಾಲೆ ಮುಚ್ಚಿದ್ರು, ತಡ್ಕೊಂಡ್ವಿ. ಬಸ್ಸು ನಿಂತೋಯ್ತು, ತಡ್ಕೊಂಡ್ವಿ. ನೀನು ಹುಂಜ ಕೇಳ್ದೆ, ಕೊಟ್ಟೆ. ಇದೂ ಬೇಕೇನೋ ನಿಂಗೆ?"

"ನನಗೆ ಬೇಕಾಗಿರೋದು ನಿಶ್ಶಬ್ದ. ಅಷ್ಟೇ."

"ಪೂರ್ತಿ ಬೇಕಾ?"

"ಪೂರ್ತಿ."

ಮುದುಕಿ ಕೈ ಚಾಚಿ ಅವನ ಮಫ್ಲರಿನಿಂದ ಒಂದೆಳೆ ಕಿತ್ತಳು. ಅವನಿಗೆ ನಗು ಬಂತು. "ತಗೋ ಹಂಗಾದ್ರೆ" ಎಂದು ಅವಳು ಮೆಟ್ಟಿಲು ಹತ್ತಿದಳು. ಬಹಳ ಹೊತ್ತಾದ ಮೇಲೆ ಇಳಿದು ಬಂದು ಹಗ್ಗ ಜಗ್ಗಿದಳು. ಅಂದು ಗಂಟೆಯ ಸದ್ದು ಒದ್ದೆ ಮಣ್ಣು ಗುಂಡಿಗೆ ಬಿದ್ದಂತೆ ಕೇಳಿತು.

ಮರುದಿನ ಕ್ರಿಸ್ಪಿನ್ ಮಗುವಿನಂತೆ ನಿದ್ದೆ ಮಾಡಿ ಎದ್ದ. ಒಲೆಯ ಮೇಲೆ ಕೆಟಲ್ ಕುದಿದು ಆವಿ ಉಗುಳುತ್ತಿತ್ತು. ಅದರ ಶಿಳ್ಳೆ ಕೇಳಲಿಲ್ಲ. ಕೆಟ್ಟಿರಬೇಕು ಅಂದುಕೊಂಡ. ಆಮೇಲೆ ಚರ್ಚಿನ ಮರಗಳ ಕಾಗೆಗಳು ಬಾಯಿ ತೆರೆದು ಮುಚ್ಚತೊಡಗಿದವು, ಬರಿದೇ. ಕುರಿಗಳು ಮೂಕವಾದವು. ಅಂಗಳದ ಜಲ್ಲಿಕಲ್ಲಿನ ಮೇಲೆ ನಡೆದರೆ ಹತ್ತಿಯ ಮೇಲೆ ನಡೆದಂತೆ. ಸುಖವಾಗಿಯೇ ಇತ್ತು ಎನ್ನಬೇಕು, ಆ ಭಾನುವಾರದವರೆಗೆ. ತಿಂಡಿಯ ಮೇಜಿನಲ್ಲಿ ಬ್ರಯೊನಿ ಚಮಚ ಎತ್ತಿ ಏನೋ ಹೇಳಿ ನಕ್ಕಳು. ಮುಂದಿನ ಹಲ್ಲು ಬಿದ್ದ ಜಾಗ ಕಾಣಿಸಿತು. ನಗು ಕೇಳಿಸಲಿಲ್ಲ.

ಡಾಕ್ಟರರು ಕಿವಿಗೆ ದೀಪ ಬಿಟ್ಟು ನೋಡಿ, ಏನೂ ಆಗಿಲ್ಲವೆಂದು ಚೀಟಿಯಲ್ಲಿ ಬರೆದು ತೋರಿಸಿ, ಬೆನ್ನು ತಟ್ಟಿ ಕಳಿಸಿದರು. ಕ್ರಿಸ್ಪಿನ್ ಹೆಸ್ಟರಳ ಮನೆಯ ಮುಂದೆ ನಿಂತು ಬೈದ. ಗಂಟಲು ಉರಿಯುವ ತನಕ ಬೈದ. ಬೈಗುಳ ಅವನಿಗೇ ಕೇಳಿಸಲಿಲ್ಲ. ತನಗೇ ಕೇಳದ ಸಿಟ್ಟಿನಷ್ಟು ನಿಕೃಷ್ಟವಾದದ್ದು ಇನ್ನೊಂದಿಲ್ಲ. ಅದು ಹೊರಗೆ ಹೋಗುವುದಿಲ್ಲ, ಒಳಗೇ ಹುಳಿಯುತ್ತದೆ. ಮುದುಕಿ ಕಿಟಕಿಯಲ್ಲಿ ಚಹಾ ಕುಡಿಯುತ್ತ ನೋಡಿದಳು.

ಕುರಿ ಮರಿ ಹಾಕುವ ಹೊತ್ತಿಗೆ ಮಂಜು ಇಳಿಯಿತು. ಮರಿಗಳನ್ನು ನೋಡಲು ಬ್ರಯೊನಿ ಮಧ್ಯಾಹ್ನ ಬೆಟ್ಟ ಹತ್ತಿದ್ದಳು. ಮುಸ್ಸಂಜೆಗೆ ಕ್ರಿಸ್ಪಿನ್ ಬಾಗಿಲು ತೆರೆದರೆ ಬೆಟ್ಟವೇ ಇರಲಿಲ್ಲ. ಹಸಿ ಉಣ್ಣೆಯ ನಾತ, ಕೊಳೆತ ಎಲೆಯ ನಾತ, ಅಷ್ಟೇ. ಓಡಿದ. ಬೇಲಿಯ ಮುಳ್ಳು ಕೈ ಸೀಳಿತು. "ಬ್ರಯೊನಿ" ಎಂದು ಕೂಗಿದ. ಕೂಗಿದೆನೋ ಇಲ್ಲವೋ, ತಿಳಿಯಲಿಲ್ಲ. ಮತ್ತೆ ಕೂಗಿದ. ಅವಳು ಓಗೊಟ್ಟಿರಬಹುದು. ಹತ್ತು ಮಾರು ದೂರದಲ್ಲಿ ನಿಂತು ಅಳುತ್ತಿರಬಹುದು. ಹಿಂದೆಯೇ ಇರಬಹುದು. ಅವನು ತಿರುಗಿದ. ಬಿಳುಪು. ಮತ್ತೆ ತಿರುಗಿದ. ಬಿಳುಪು.

ಗಂಟೆ.

ಅದನ್ನು ಬಾರಿಸಲೆಂದು ಬೇಲಿ ಹಿಡಿದು ತಡವರಿಸುತ್ತ ಅವನು ಗೋಪುರ ಮುಟ್ಟಿದಾಗ ಹೆಸ್ಟರ್ ಆಗಲೇ ಅಲ್ಲಿದ್ದಳು, ಕೋಟಿಲ್ಲದೆ, ಏದುಸಿರು ಬಿಡುತ್ತ, ಬೀಗ ತೆರೆಯುತ್ತ. ಅವಳ ತುಟಿ ಕೇಳಿತು: ಮಗು? ಅವನು ಬೆಟ್ಟದ ಕಡೆ ಕೈ ತೋರಿಸಿದ. ಅವಳ ಮುಖ ಸುಣ್ಣವಾಯಿತು. ಅವನ ಎದೆಗೆ ಬೆರಳು ಚುಚ್ಚಿದಳು, ಆಮೇಲೆ ಮೇಲಕ್ಕೆ. ನೀನೇ ಬಿಚ್ಚಬೇಕು. ತಾನು ಹಗ್ಗ ಹಿಡಿದಳು.

ಹತ್ತಿದ. ಬಾವಲಿಯ ಹಿಕ್ಕೆಯ ಗಾಟು. ತುಕ್ಕು. ಅದರ ಮೇಲೆ ಇನ್ನೊಂದು ವಾಸನೆ, ಸಿಹಿ, ಕೊಳೆತದ್ದು. ಕತ್ತಲಲ್ಲಿ ಗಂಟೆಯ ಹೊಟ್ಟೆಯೊಳಗೆ ಕೈ ಹಾಕಿದ. ಚರ್ಮದ ಪಟ್ಟಿ ಸಿಕ್ಕಿತು. ಬಿಚ್ಚಿದ. ಒಳಗೆ ಏನೋ ಮೆತ್ತಗಿತ್ತು. ಕುರಿಯ ನಾಲಿಗೆ. ಕಪ್ಪುಗಟ್ಟಿದ ನಾಲಿಗೆ, ಸುತ್ತ ಅವನದೇ ಮಫ್ಲರಿನ ಎಳೆ, ಮೈತುಂಬ ಮುಳ್ಳು. ಕಿತ್ತ. ಒಂದೊಂದು ಮುಳ್ಳಿಗೂ ಅವನ ಕಿವಿಯೊಳಗೆ ಏನೋ ಹರಿಯಿತು. ರಕ್ತ ಕುತ್ತಿಗೆಗೆ ಇಳಿಯಿತು. ಕಿತ್ತ. ಕಿತ್ತ. ಕೊನೆಯ ಮುಳ್ಳು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದ. ಅದು ಒಳಗೇ ಮುರಿಯಿತು.

ನಾಲಿಗೆಯನ್ನು ಎಸೆದ. ಗೋಡೆಗೆ ಅಂಟಿ ನಿಂತ. ಗಂಟೆ ಅವನ ಮುಖದ ಮುಂದೆಯೇ ತೂಗಿತು.

ಸದ್ದು.

ಸದ್ದಿನ ಬೆನ್ನಿಗೆ ಲೋಕ ಬಂತು. ಕಾಗೆ, ಕುರಿ, ತನ್ನ ಉಸಿರು, ಕೆಳಗೆ ಮುದುಕಿಯ ನರಳಾಟ. ಬಹಳ ದೂರದಲ್ಲಿ, ಎಳೆಯಷ್ಟು ಸಣ್ಣಗೆ: "ಅಪ್ಪಾ."

ಬ್ರಯೊನಿ ಮಂಜಿನಿಂದ ಇಳಿದು ಬಂದಳು, ಒಂದು ಬೂಟು ಕಳೆದುಕೊಂಡು. ಅಂಗಳದಲ್ಲಿ ಅವನು ಬಾಚಿ ತಬ್ಬಿಕೊಂಡ. "ಗಂಟೆ ಯಾಕೆ ಇಷ್ಟು ತಡ ಮಾಡಿದ್ರಿ? ನಾನು..." ಎಂದಳು. ಹೆಸ್ಟರ್ ಹಗ್ಗ ಬಿಟ್ಟಳು. ಗಂಟೆ ನಿಂತಿತು. ಮಗಳ ಬಾಯಿ ಮಾತ್ರ ಆಡುತ್ತಲೇ ಇತ್ತು.

ಹೆಸ್ಟರ್ ಹಗ್ಗವನ್ನು ಅವನ ಕೈಗೆ ಕೊಟ್ಟು ಮನೆಗೆ ಹೋದಳು.

ದೂರನ್ನು ಅವನೇ ಹಿಂತೆಗೆದುಕೊಂಡ. ಈಗ ಪ್ರತಿ ಸಂಜೆ ಬಾರಿಸುವವನು ಅವನೇ. ಗಂಟೆ ತೂಗುವಷ್ಟು ಹೊತ್ತು ಕೇಳುತ್ತದೆ, ನಿಂತರೆ ಇಲ್ಲ. ಬ್ರಯೊನಿ ಗೋಪುರದ ಮೆಟ್ಟಿಲ ಮೇಲೆ ಕೂತು ದಿನದ ಕತೆಯನ್ನೆಲ್ಲ ಹೇಳುತ್ತಾಳೆ. ಕತೆ ಮುಗಿಯದಿದ್ದರೆ ಅವನು ನಿಲ್ಲಿಸುವುದಿಲ್ಲ. ಚಳಿಗಾಲ ಮುಗಿದರೂ ನಿಲ್ಲಿಸಲಿಲ್ಲ. ಊಟದ ಹೊತ್ತು ಮೀರಿತು, ಊರಿನ ಕೂಸುಗಳು ಅಳತೊಡಗಿದವು, ನಾಯಿಗಳು ಊಳಿಟ್ಟವು. ಅವನಿಗೆ ಅದೂ ಹಿತವಾಗಿಯೇ ಇತ್ತು.

ಇಂದು ಬ್ರಯೊನಿ ಕತೆ ಶುರು ಮಾಡಲಿಲ್ಲ. ಹೊರಗೆ ನೋಡಿ ಬಂದಳು.

"ಅಪ್ಪ, ಕೌನ್ಸಿಲ್ಲಿನೋರು ಬಂದಿದಾರೆ. ಸದ್ದು ಅಳೆಯೋ ಮಿಷನ್ ತಂದಿದಾರೆ."

"ದೂರು ಕೊಟ್ಟಿದ್ದು ಯಾರು?"

"ಎಲ್ಲರೂ. ಕ್ಲೆಮ್ ಮಾಮನೂ ಇದಾನೆ. ಮುಂದೆ ನಿಂತಿರೋದು ಹೆಸ್ಟರಜ್ಜಿ. ಅಜ್ಜಿ ಒಂದು ಮಾತು ಹೇಳಿ ಕಳಿಸಿದ್ಲು. ಅವಳಿಗೆ ನಿಶ್ಶಬ್ದ ಬೇಕಂತೆ. ಅಷ್ಟೇ ಅಂತೆ."

ಬಾಗಿಲಾಚೆ ಬೂಟುಗಳು ಜಲ್ಲಿಕಲ್ಲು ತುಳಿಯುವುದು ಕೇಳಿಸಿತು. ಚಿಲಕ ಎತ್ತುವುದೂ ಕೇಳಿಸಿತು.

"ಮಾತಾಡು ಬ್ರಯೊನಿ" ಎಂದ ಅವನು, ಹಗ್ಗ ಜಗ್ಗುತ್ತ. "ಏನಾದ್ರೂ ಮಾತಾಡ್ತಾ ಇರು."