ನಿಂತ ಬೈಕಿನ ವೇಗ

ಮನೆಗೆ ಬರುವಾಗ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ನನ್ನ ತಮ್ಮ ತೀರಿಕೊಂಡ. ಬೈಕಿಗೆ ತರಚಿದ್ದಷ್ಟೇ. ವರ್ಷವಾದರೂ ಅದನ್ನು ಯಾರೂ ಮುಟ್ಟಿರಲಿಲ್ಲ. ಮಾರಿಬಿಡೋಣವೆಂದು ಚಳಿಗಾಲದ ಒಂದು ಬೆಳಿಗ್ಗೆ ಮೆಕ್ಯಾನಿಕ್‌ನನ್ನು ಕರೆಸಿದೆ.

ಅವನು ಹೊಸ ಬ್ಯಾಟರಿ ಹಾಕಿ ಕೀಲಿ ತಿರುಗಿಸಿದ. ಇಂಜಿನ್ ಚಾಲೂ ಮಾಡಿರಲಿಲ್ಲ, ಗಾಡಿ ಸ್ಟ್ಯಾಂಡಿನ ಮೇಲೇ ಇತ್ತು. ಆದರೂ ಮೀಟರಿನಲ್ಲಿ ವೇಗ ಇಪ್ಪತ್ತು, ಇಂಜಿನ್ನಿನ ಬಿಸಿ ತೊಂಬತ್ತು ಎಂದು ಮೂಡಿತು.

“ಜ್ವರ ಬಂದಿದೆ ಅಣ್ಣ ಇದಕ್ಕೆ,” ಎಂದು ನಕ್ಕು ಸೆನ್ಸರ್‌ಗಳನ್ನು ಬದಲಿಸಿದ. ಮತ್ತೆ ಅದೇ ಅಂಕಿ ಬಂದಾಗ ಅವನು ನಗಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅಮ್ಮ, “ಎಷ್ಟು ತೋರಿಸ್ತಿದೆಯೋ?” ಎಂದಳು.

“ಇಪ್ಪತ್ತಮ್ಮ. ಮೀಟರ್ ಕೆಟ್ಟಿದೆ.”

“ಕೆಟ್ಟಿಲ್ಲ ಕಣೋ. ನಮ್ಮ ಓಣಿಯೊಳಗೆ ಇಪ್ಪತ್ತು ದಾಟಲ್ಲ ಅಂತ ನಿನ್ನ ತಮ್ಮ ನನ್ನ ತಲೆ ಮುಟ್ಟಿ ಆಣೆ ಮಾಡಿದ್ದ. ಈಗ ಓಣಿಗೆ ಬಂದಿದ್ದಾನೆ. ಗಾಡಿ ಮಾರಿಬಿಟ್ರೆ ಮಗು ಹೇಗೋ ಮನೆ ಸೇರೋದು?”

ನಾನು ಮೀಟರಿನತ್ತ ತಿರುಗಿದೆ. ನೋಡುತ್ತಿದ್ದಂತೆಯೇ ವೇಗದ ಅಂಕಿ ಇಳಿಯತೊಡಗಿತು. ಹದಿನೈದು, ಹತ್ತು, ಐದು, ಕೊನೆಗೆ ಸೊನ್ನೆ. ದೇವರೇ ಸಾಕ್ಷಿ, ಮೆಕ್ಯಾನಿಕ್ ಕೂಡ ನೋಡಿದ.

ಅಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ತೊಂಬತ್ತು ತೋರಿಸುತ್ತಿದ್ದ ಇಂಜಿನ್ನನ್ನು ಮುಟ್ಟಿದೆ. ಕಲ್ಲಿನಂತೆ ತಣ್ಣಗಿತ್ತು. ಸೀಟಿನ ಮೇಲೆ ಕೈಯಿಟ್ಟೆ. ಅದು ಮಾತ್ರ, ಈಗಷ್ಟೇ ಯಾರೋ ಎದ್ದುಹೋದ ಹಾಗೆ, ಬೆಚ್ಚಗಿತ್ತು.